ಬಿದಿರಿನ ಬುಡದ ಮುಳ್ಳು

ಮೊದಲ ಮಳೆ ಬಿದ್ದ ಮೇಲೆ ಹಳಿಯಾಳದಲ್ಲಿ ನಾವು ನಾಲ್ಕಾರು ಮಂದಿ ಮನೆಯಂಗಳದ ಸಸಿಗಳನ್ನು ಹರಡಿಕೊಂಡು ಮಾರಲು ಕೂತಿದ್ದೆವು. ಉಳಿದವರ ಮುಂದೆ ದಾಸವಾಳ, ಗುಲಾಬಿ, ಕ್ರೋಟನ್. ನನ್ನ ಮುಂದೆ ಬರೀ ಹುಲ್ಲು: ಮಜ್ಜಿಗೆ ಹುಲ್ಲು, ಲಾವಂಚ, ಹಳದಿ ಮೈಮೇಲೆ ಹಸಿರು ಗೀಟಿನ ಅಲಂಕಾರದ ಬಿದಿರು. ಹಿಂದಿನ ಸಾಲಿನಲ್ಲಿ ಕಪ್ಪು ಚೀಲಗಳಲ್ಲಿ ಮುಳ್ಳು ಬಿದಿರಿನ ಸಸಿಗಳು. ನೆಂಟರ ಹೊಲದಂಚಿನ ಮೆಳೆ ಹೂಬಿಟ್ಟು ಸತ್ತಾಗ ಅದರಡಿ ಗುಡಿಸಿ ತಂದ ಬಿದಿರಕ್ಕಿಯಿಂದ ಎಬ್ಬಿಸಿದವು ಅವು. ಭತ್ತ, ಕಬ್ಬು, ಜೋಳದ ಕುಲದ್ದೇ ಬಿದಿರು. ಅದೂ ಹುಲ್ಲು ಎಂದರೆ ನಂಬದವರು ಈಗಲೂ ಇದ್ದಾರೆ.

ಹಳದಿ ಬಿದಿರು ಬೇಗ ಖರ್ಚಾಯಿತು. ಮುಳ್ಳು ಬಿದಿರನ್ನು ಯಾರೂ ಕೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮುಂಡಗೋಡ ಕಡೆಯ ಹಿರಿಯರೊಬ್ಬರು ಬಂದು ಒಂದು ಚೀಲ ಎತ್ತಿ ನೋಡಿದರು.

"ಅಕ್ಕಾರ, ಮುಳ್ಳ ಇಲ್ಲದ್ದ ಇಲ್ಲೇನ್ರಿ? ಇದನ್ನ ಹಚ್ಚಿ ಬುಡದಾಗಿನ ಮುಳ್ಳ ಸವರಿ ಹಾಕಿದ್ರ ನಡೀತೈತೇನು?"

"ಸವರಬ್ಯಾಡ್ರಿ ಅಣ್ಣಾರ, ಮೆಳೀನ ಹೋಗ್ತೈತಿ" ಅಂದೆ. ಅವರು ಯಾಕೆ ಅಂದರು. ಅದೇ ಪ್ರಶ್ನೆಯನ್ನು ಐವತ್ತು ವರ್ಷದ ಹಿಂದೆ ನಮ್ಮ ಜಿಲ್ಲೆಯ ಕಾಡಿನಲ್ಲಿ ಕೇಳಿದವರಿದ್ದರು. ಉತ್ತರ ಸಿಕ್ಕಿದ ಬಗೆಯನ್ನು ನಾನು ಅವರಿಗೆ ಹೇಳುತ್ತ ಕೂತೆ.

ದಾಂಡೇಲಿಯಲ್ಲಿ ಕಾಳಿ ನದಿಯ ದಂಡೆಗೆ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಬಂದದ್ದು ಬಿದಿರನ್ನು ನಂಬಿಕೊಂಡು. ಕಂಪನಿ ಹುಟ್ಟಿದ್ದು 1955ರಲ್ಲಿ, ಕಾಗದ ತಯಾರಾಗತೊಡಗಿದ್ದು 1959ರಲ್ಲಿ. ಜೋಯಿಡಾ, ಹಳಿಯಾಳ, ಮುಂಡಗೋಡದ ಕಾಡುಗಳಲ್ಲಿ ಆಗ ಬಿದಿರಿಗೆ ಬರವಿರಲಿಲ್ಲ. ಒಣ ಗುಡ್ಡದ ಇಳಿಜಾರಿನಲ್ಲಿ ಗಟ್ಟಿ ಬಿದಿರು, ಹಳ್ಳದ ದಂಡೆ ಹಿಡಿದು ದೊಡ್ಡ ಮುಳ್ಳು ಬಿದಿರು. ವರ್ಷವರ್ಷ ಕಡಿದರೂ ಮತ್ತೆ ಚಿಗುರುವ ಮಾಲು ಇದು, ಮುಗಿಯುವ ಮಾತೇ ಇಲ್ಲ ಎಂಬುದು ಲೆಕ್ಕಾಚಾರ. ಇಪ್ಪತ್ತು ವರ್ಷ ತುಂಬುವ ಮೊದಲೇ ಆ ಲೆಕ್ಕ ಕೈಕೊಟ್ಟಿತು.

ಮೊದಲು ಪೆಟ್ಟು ತಿಂದವರು ಮೇದಾರರು. ಬುಟ್ಟಿ, ಮೊರ, ತಟ್ಟಿ ಹೆಣೆದು ಬದುಕುವವರಿಗೆ ಒಳ್ಳೆಯ ಬಿದಿರು ಸಿಗದಾಯಿತು. 1970ರ ದಶಕದ ನಡುವೆ ಅವರ ದೂರು ಆಗಿನ ಹಣಕಾಸು ಸಚಿವ ಎಂ. ವೈ. ಘೋರ್ಪಡೆಯವರ ತನಕ ಹೋಯಿತು. ಸಂಡೂರಿನ ಘೋರ್ಪಡೆಯವರು ಕ್ಯಾಮೆರಾ ಹಿಡಿದು ಕಾಡು ತಿರುಗಿದವರು, ಕಾಡಿನ ಮಾತು ಅವರಿಗೆ ತಿಳಿಯುತ್ತಿತ್ತು. ವಿಷಯವನ್ನು ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರ ಮುಂದಿಟ್ಟರು. ಹಾರ್ವರ್ಡ್‌ನಲ್ಲಿ ಓದಿ ಬಂದು 1973ರಲ್ಲಿ ಆ ಸಂಸ್ಥೆ ಸೇರಿದ್ದ ಗಾಡ್ಗೀಳರು, ಎಸ್. ನರೇಂದ್ರ ಪ್ರಸಾದರ ಜೊತೆ ನಮ್ಮ ಕಾಡಿಗೆ ಇಳಿದರು.

ಬಿದಿರು ಯಾಕೆ ಸೋಲುತ್ತಿದೆ ಎಂದರೆ ಅಧಿಕಾರಿಗಳ ಬಳಿ ಉತ್ತರ ಸಿದ್ಧವಿತ್ತು: ಹಳ್ಳಿಯವರು ದನ ಬಿಡುತ್ತಾರೆ, ಸಿಕ್ಕಿದ್ದನ್ನು ಕಡಿಯುತ್ತಾರೆ. ಹಳ್ಳಿಯವರು ಕಾರ್ಖಾನೆಯತ್ತ ಕೈ ತೋರಿಸುತ್ತಿದ್ದರು. ಇಂಥ ದೂರು ಪ್ರತಿದೂರು ಎಲ್ಲ ಕಾಡಿನಲ್ಲೂ ಇದ್ದದ್ದೇ. ಆದರೆ ಹಳ್ಳಿಯವರ ದೂರಿನೊಳಗೆ ಪರೀಕ್ಷೆ ಮಾಡಿ ನೋಡಬಹುದಾದ ಒಂದು ಮಾತಿತ್ತು. ಬುಡದ ಮುಳ್ಳು ಕಿತ್ತರೆ ಮೆಳೆ ಉಳಿಯುವುದಿಲ್ಲ.

ಮುಳ್ಳು ಬಿದಿರಿನ ಮೆಳೆಯನ್ನು ಹತ್ತಿರದಿಂದ ಕಂಡವರಿಗೆ ಇದು ಅರ್ಥವಾಗುತ್ತದೆ. ಬೊಂಬಿನ ಕೆಳಗಿನ ಗೆಣ್ಣುಗಳಿಂದ ರೆಂಬೆಗಳು ಮೇಲೇಳದೆ ಅಡ್ಡಡ್ಡ ಚಾಚುತ್ತವೆ. ಅವುಗಳಲ್ಲಿ ಎಲೆಗಿಂತ ಕೊಕ್ಕೆಮುಳ್ಳೇ ಹೆಚ್ಚು. ಒಂದು ಬೊಂಬಿನ ರೆಂಬೆ ಇನ್ನೊಂದರದಕ್ಕೆ ಹೆಣೆದುಕೊಂಡು ಮೆಳೆಯ ಸುತ್ತ ಗೋಡೆಯೇ ಕಟ್ಟಿದಂತಾಗುತ್ತದೆ. ಕೈ ಹಾಕಿದರೆ ಚರ್ಮ ಕಿತ್ತು ಬರುತ್ತದೆ. ಬಲಿತ ಬಿದಿರು ಇರುವುದು ಒಳಗೆ, ಹೊಸತು ಹುಟ್ಟುವುದು ಅಂಚಿನಲ್ಲಿ. ಒಳಗಿನದನ್ನು ಕಡಿಯಬೇಕಾದರೆ ದಾರಿ ಬೇಕಲ್ಲ. ಹಾಗಾಗಿ ಕಾರ್ಖಾನೆಗಾಗಿ ಬಿದಿರು ಕಡಿಯುವಾಗ ಮೊದಲು ಮುಳ್ಳು ಸವರಿ ಬುಡ ಚೊಕ್ಕ ಮಾಡುವ ರೂಢಿ ಬಂತು. ಇದನ್ನು ತಪ್ಪೆಂದು ಯಾರೂ ಭಾವಿಸಿರಲಿಲ್ಲ. ಇಕ್ಕಟ್ಟು ಬಿಡಿಸಿದರೆ ಮೆಳೆಗೆ ಉಸಿರಾಡಲು ಜಾಗ ಸಿಗುತ್ತದೆ, ಇನ್ನೂ ಚೆನ್ನಾಗಿ ಬೆಳೆಯುತ್ತದೆ ಎಂದೇ ನಂಬಿದ್ದರು. ತೋಟದಲ್ಲಿ ಕಳೆ ತೆಗೆದು ಅಭ್ಯಾಸವಾದ ಯಾರಿಗೂ ಸರಿಯೆನಿಸುವ ಮಾತು. ನಾನೂ ಹಾಗೇ ಅಂದುಕೊಂಡಿದ್ದವಳು.

ದನದ ಹಿಂದೆ ದಿನವಿಡೀ ಅಲೆಯುವವನು ಕಾಣುವುದು ಬೇರೆ. ಮಳೆ ಹಿಡಿದ ಕೂಡಲೇ ಮೆಳೆಯಂಚಿನಲ್ಲಿ ಕಳಲೆ ಮೂಡುತ್ತದೆ. ಮೆತ್ತಗೆ, ರಸ ತುಂಬಿ, ತಿನ್ನಲು ಹಿತವಾಗಿ. ಎಮ್ಮೆ, ದನಗಳಿಗೆ ಅದು ಬೇಕು. ಮುಳ್ಳುಹಂದಿಗೆ ಬೇಕು, ಕಾಡುಹಂದಿಗೆ ಬೇಕು, ಮುಸುವಕ್ಕೆ ಬೇಕು. ಸಾರು, ಉಪ್ಪಿನಕಾಯಿ ಮಾಡುವ ನಮಗೂ ಬೇಕು. ಮುಳ್ಳಿನ ಗೋಡೆಯೊಳಗೆ ಹುಟ್ಟಿದ ಕಳಲೆ ದಿನಕ್ಕೊಂದು ಗೇಣಿಗೂ ಹೆಚ್ಚು ಏರಿ, ಬಾಯಿಗೆ ಎಟುಕುವ ಎತ್ತರ ದಾಟುವ ತನಕ ಮರೆಯಲ್ಲಿರುತ್ತದೆ. ಗೋಡೆ ಕಿತ್ತ ಮೆಳೆಯಲ್ಲಿ ಅದು ಬಯಲಿನಲ್ಲಿ ನಿಂತ ಮೇವು.

ಗಾಡ್ಗೀಳ್ ಮತ್ತು ಪ್ರಸಾದರು ಈ ಮಾತನ್ನು ತಳ್ಳಿಹಾಕಲಿಲ್ಲ, ಕೇಳಿದೊಡನೆ ಒಪ್ಪಲೂ ಇಲ್ಲ. ಎಣಿಸಿದರು. ಹುಟ್ಟಿದ ಕಳಲೆ ಎಷ್ಟು, ಬೊಂಬಾಗಿ ನಿಂತದ್ದೆಷ್ಟು, ತಿಂದು ಮುರಿದು ಹಾಳಾದದ್ದೆಷ್ಟು. ಮುಳ್ಳು ಸವರಿದ ಮೆಳೆಯಲ್ಲಿ ಹೇಗೆ, ಸವರದ್ದರಲ್ಲಿ ಹೇಗೆ. ಹಳ್ಳಿಯವರ ಮಾತೇ ನಿಜವಾಗಿತ್ತು. ಚೊಕ್ಕ ಮಾಡಿದ ಮೆಳೆಯೇ ಬರಿದಾಗುತ್ತಿತ್ತು.

ಒಂದು ಮಳೆಗಾಲದ ಕಳಲೆ ಹೋದರೆ ಇಷ್ಟು ದೊಡ್ಡ ನಷ್ಟವೇ ಎಂದು ಆ ಹಿರಿಯರು ಕೇಳಿದರು. ಬಾಳೆಯಂತೆ ಮುಂದಿನ ವರ್ಷ ಇನ್ನೊಂದು ಬರುವುದಿಲ್ಲವೇ? ಬಿದಿರಿನ ಸಂಸಾರ ಹಾಗಲ್ಲ. ಈ ವರ್ಷದ ಬೊಂಬಿನ ಗೆಡ್ಡೆಯಿಂದ ಮುಂದಿನ ವರ್ಷಗಳ ಕಳಲೆ ಏಳಬೇಕು, ಅದಕ್ಕೆ ಅನ್ನ ಹಾಕುವುದು ನಿಂತ ಬೊಂಬುಗಳ ಎಲೆ. ಹಳೆಯದನ್ನು ಕಡಿದು ಒಯ್ದು, ಹೊಸತನ್ನು ಮೂರು ನಾಲ್ಕು ವರ್ಷ ಒಂದೇ ಸಮನೆ ಮೇಯಿಸಿದರೆ ನೆಲದೊಳಗಿನ ಗೆಡ್ಡೆಗೆ ಉಣಿಸುವವರೇ ಇರುವುದಿಲ್ಲ. ಬೀಜದಿಂದ ಬಂದೀತು ಅನ್ನಲೂ ಆಗದು. ಮುಳ್ಳು ಬಿದಿರು ಹೂಬಿಡುವುದು ಸುಮಾರು ನಲವತ್ತು ವರ್ಷಕ್ಕೊಮ್ಮೆ, ಹೂಬಿಟ್ಟು ಸಾಯುತ್ತದೆ. ನಡುವೆ ಸತ್ತ ಮೆಳೆಯ ಜಾಗ ತುಂಬಲು ಕಾಡಿನಲ್ಲಿ ಬಿದಿರಕ್ಕಿ ಇರುವುದಿಲ್ಲ.

ಈ ಅಧ್ಯಯನದ ವರದಿಯನ್ನು 1981ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಹೊರತಂದಿತು. ಮುಳ್ಳು ಬಿದಿರು ಮತ್ತು ಗಟ್ಟಿ ಬಿದಿರಿನ ಬಾಳ್ವೆಯನ್ನು ಹೋಲಿಸಿ ಇಬ್ಬರೂ ಬರೆದ ಪ್ರಬಂಧ 1984ರಲ್ಲಿ 'ಬಯೋಟ್ರಾಪಿಕಾ' ಪತ್ರಿಕೆಯಲ್ಲಿ ಬಂತು. ಮುಳ್ಳೊಂದೇ ಕಾರಣವಲ್ಲ; ಕಾಡಿನಲ್ಲಿ ಎಷ್ಟು ಬಿದಿರಿದೆ ಎಂಬ ಮೊದಲಿನ ಅಂದಾಜೇ ಅತಿಯಾಗಿತ್ತು. ಒಂದು ಕಡೆ ಬರಿದಾದ ಮೇಲೆ ಕಾರ್ಖಾನೆಯ ಲಾರಿಗಳು ಇನ್ನೂ ದೂರದ ಕಾಡಿಗೆ ಹೋದವು. ಮೇದಾರರಿಗೆ ಹಾಗೆ ದೂರ ಹೋಗುವ ದಾರಿಯಿರಲಿಲ್ಲ.

ಈ ಕತೆಯಲ್ಲಿ ನನ್ನ ಮನಸ್ಸು ನಿಲ್ಲುವುದು ಪ್ರಬಂಧಕ್ಕಿಂತ ಮೊದಲಿನ ಗಳಿಗೆಯಲ್ಲಿ. ಹೆಸರು ದಾಖಲಾಗದ ಯಾರೋ ಒಬ್ಬರು, ಕುಡಗೋಲು ಹೆಗಲಿಗೇರಿಸಿ, ಬೆಂಗಳೂರಿನಿಂದ ಬಂದ ಮೇಷ್ಟರಿಗೆ ಮುಳ್ಳಿನ ಸಂಗತಿ ಹೇಳಿದ ಗಳಿಗೆ. ದನ ಕಾಯುವವರ ಮೇಲೆಯೇ ಆರೋಪವಿತ್ತು. ದನ ಕಳಲೆ ತಿನ್ನುತ್ತದೆ ಎಂಬುದನ್ನು ಅವರೂ ಅಲ್ಲಗಳೆಯಲಿಲ್ಲ. ತಿನ್ನದಂತೆ ತಡೆಯುತ್ತಿದ್ದುದು ಏನು, ಅದನ್ನು ತೆಗೆದವರು ಯಾರು ಎಂದು ತೋರಿಸಿದರು. ಅದನ್ನು ಕೇಳಿಸಿಕೊಳ್ಳಲು ಅಲ್ಲಿ ಒಬ್ಬರು ನಿಂತಿದ್ದರು ಎಂಬುದು ನನಗೆ ದೊಡ್ಡ ಸಂಗತಿ.

ಮನೆಯ ಹುಲ್ಲನ್ನು ಹೀಗೆ ಮಾರಲು ಕೂತಾಗ ಇನ್ನೊಂದೂ ನೆನಪಾಗುತ್ತದೆ. 1927ರ ಭಾರತೀಯ ಅರಣ್ಯ ಕಾಯ್ದೆಯ ಲೆಕ್ಕದಲ್ಲಿ ಬಿದಿರು ಮರವಾಗಿತ್ತು. ಕಾಡಿನ ಹೊರಗೆ ಬೆಳೆದ ಬಿದಿರನ್ನು ಆ ಮರದ ಪಟ್ಟಿಯಿಂದ ಬಿಟ್ಟದ್ದು 2017ರ ನವೆಂಬರಿನ ಸುಗ್ರೀವಾಜ್ಞೆ. ಸಸ್ಯಶಾಸ್ತ್ರ ಎಂದೋ ಹುಲ್ಲೆಂದದ್ದನ್ನು ಕಾನೂನು ಒಪ್ಪಲು ತೊಂಬತ್ತು ವರ್ಷ ಹಿಡಿಯಿತು.

ಹಿರಿಯರು ಎರಡು ಚೀಲ ತೆಗೆದುಕೊಂಡರು. ಹಳ್ಳದ ದಂಡೆಗೆ ನೆಡಿ, ಬೇಲಿಯಿಂದ ಹತ್ತು ಮಾರು ದೂರವಿರಲಿ ಅಂದೆ. ಮೊದಲ ಕೆಲವು ವರ್ಷ ಇದು ನಿಜವಾಗಿಯೂ ಹುಲ್ಲಿನಂತೆಯೇ ಇರುತ್ತದೆ, ತನ್ನ ಗೋಡೆ ಕಟ್ಟಿಕೊಳ್ಳುವಷ್ಟು ಮುಳ್ಳು ಇನ್ನೂ ಬಂದಿರುವುದಿಲ್ಲ, ಅಲ್ಲಿಯವರೆಗೆ ನೀವೇ ಕಾಯಬೇಕು ಅಂತಲೂ ಹೇಳಿದೆ.

"ಅದಕ್ಕೇನ್ರಿ ಅಕ್ಕಾರ, ಜಾಲಿ ಮುಳ್ಳ ನಮ್ಮ ಹೊಲದಾಗ ಬೇಕಾದಷ್ಟ ಐತಿ" ಅಂದವರೇ ಚೀಲಗಳನ್ನು ಗಾಳಿಗೆ ಬಾಗದಂತೆ ಎದೆಗೆ ಅವಚಿಕೊಂಡು ಬಸ್ ಸ್ಟ್ಯಾಂಡಿನತ್ತ ನಡೆದರು.