ದೂರದ ವಾರ್ತೆಯೂ ಮನೆಯ ಹೂಡಿಕೆಯೂ

ಸಂಸ್ಕೃತದಲ್ಲಿ ‘ವಾರ್ತಾ’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಒಂದು, ಸುದ್ದಿ, ಮತ್ತೊಂದು, ಜೀವನೋಪಾಯ. ಕೌಟಿಲ್ಯನು ನಾಲ್ಕು ವಿದ್ಯೆಗಳನ್ನು ಎಣಿಸುವಲ್ಲಿ ಕೃಷಿ, ಪಶುಪಾಲನೆ, ವಾಣಿಜ್ಯ ಈ ಮೂರನ್ನೂ ಕೂಡಿಸಿ ‘ವಾರ್ತಾ’ ಎಂದೇ ಕರೆದಿದ್ದಾನೆ. ಇಂದಿನ ಗೃಹಸ್ಥನ ಪಾಲಿಗೆ ಈ ಎರಡು ಅರ್ಥಗಳೂ ಒಂದಾಗಿಬಿಟ್ಟಿವೆ. ದೂರದೇಶದ ಸುದ್ದಿ ಅವನ ದುಡಿಮೆಯನ್ನೂ ಉಳಿತಾಯವನ್ನೂ ಮುಟ್ಟುತ್ತದೆ. ಅದು ಯಾವ ಮಾರ್ಗದಿಂದ ಬರುತ್ತದೆ, ಬಂದಾಗ ಏನು ಮಾಡತಕ್ಕದ್ದು ಎಂಬುದನ್ನು ನಮ್ಮ ಸೀಮೆಯ ನಿದರ್ಶನಗಳಿಂದಲೇ ವಿಚಾರಿಸುವುದು ಈ ಲೇಖನದ ಉದ್ದೇಶ.

ದೂರದ ರಾಜಕೀಯವು ಇಲ್ಲಿಯ ಸಂಪತ್ತನ್ನು ಅಲುಗಿಸುವುದು ಹೊಸತಲ್ಲ. ಇಂದಿನ ಹಳೇಬೀಡೇ ಅಂದಿನ ದೋರಸಮುದ್ರ. 1311ರಲ್ಲಿ ದಿಲ್ಲಿಯ ಸುಲ್ತಾನನ ದಂಡನಾಯಕ ಮಲಿಕ್ ಕಾಫರನು ದಂಡೆತ್ತಿ ಬಂದಾಗ, ತಲೆಮಾರುಗಳಿಂದ ಕೂಡಿಟ್ಟಿದ್ದ ಹೊಯ್ಸಳರ ಭಂಡಾರ ಬರಿದಾಯಿತು. ಅಂದು ವಾರ್ತೆ ದಂಡಿನೊಡನೆ ಬಂದಿತು. ಇಂದು ಅದು ಬೆಲೆಯ ರೂಪದಲ್ಲಿ ಬರುತ್ತದೆ.

ಮೊದಲನೆಯದಾಗಿ ಬೇಲೂರು ತಾಲ್ಲೂಕಿನ ಕಾಫಿಯನ್ನು ನೋಡೋಣ. ‘ಹೂಡು’ ಎಂದರೆ ನೊಗಕ್ಕೆ ಎತ್ತನ್ನು ಕಟ್ಟುವುದು. ಹಣ ಹೂಡುವುದೆಂದರೂ ಫಲದ ಆಸೆಯಿಂದ ಅದನ್ನು ದುಡಿಮೆಗೆ ಕಟ್ಟುವುದೇ. ಕಾಫಿ ಬೆಳೆಗಾರನ ಬಹುಪಾಲು ಬಂಡವಾಳ ಹೀಗೆ ತೋಟಕ್ಕೆ ಕಟ್ಟಲ್ಪಟ್ಟಿರುತ್ತದೆ. ಆದರೆ ಕಾಫಿಯ ಬೆಲೆ ನಿಶ್ಚಯವಾಗುವುದು ಸಾಗರದಾಚೆ. 1975ರ ಜುಲೈನಲ್ಲಿ ಬ್ರೆಜಿಲ್ ದೇಶದಲ್ಲಿ ಬಿದ್ದ ಕಡುಹಿಮ ಅಲ್ಲಿಯ ಗಿಡಗಳನ್ನು ಸುಟ್ಟಿತು. 1977ರಲ್ಲಿ ಜಾಗತಿಕ ಬೆಲೆ ಪೌಂಡಿಗೆ ಮೂರು ಡಾಲರನ್ನು ದಾಟಿತು. 1989ರ ಜುಲೈನಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾಗಳು ರದ್ದಾದಾಗ ಅದೇ ಬೆಲೆ ಕುಸಿಯಿತು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ಭಾರತದ ಕಾಫಿಗೆ ಇದ್ದ ದೊಡ್ಡ ಗಿರಾಕಿಯೇ ಇಲ್ಲವಾಯಿತು.

ಆ ಕಾಲದಲ್ಲಿ ಕಾಫಿ ಮಂಡಳಿಯು ಬೆಳೆಯನ್ನೆಲ್ಲ ಒಟ್ಟುಗೂಡಿಸಿ ಮಾರುತ್ತಿತ್ತು. ಏರಿಳಿತದ ಪೆಟ್ಟು ಬೆಳೆಗಾರನಿಗೆ ನೇರವಾಗಿ ತಗಲುತ್ತಿರಲಿಲ್ಲ. 1996ರ ವೇಳೆಗೆ ಆ ಪದ್ಧತಿ ಪೂರ್ಣವಾಗಿ ನಿಂತಿತು. ಅಂದಿನಿಂದ ಲಾಭವೂ ಅವನದೇ, ನಷ್ಟವೂ ಅವನದೇ. 1994ರಲ್ಲಿ ಬ್ರೆಜಿಲ್ಲಿನಲ್ಲಿ ಮತ್ತೆ ಹಿಮ ಬಿದ್ದು ಬೆಲೆ ಏರಿತು. ಅನಂತರ ವಿಯೆಟ್ನಾಂ ದೇಶದ ಫಸಲು ಜಗತ್ತಿನ ಪೇಟೆಯನ್ನು ತುಂಬಿ, 2001-02ರ ಸುಮಾರಿಗೆ ಬೆಲೆ ಪಾತಾಳಕ್ಕಿಳಿಯಿತು. ಏರಿದ ಬೆಲೆಯನ್ನು ಶಾಶ್ವತವೆಂದು ಬಗೆದು ಸಾಲ ಮಾಡಿದ್ದವರ ಪಾಡು ಏನಾಯಿತೆಂಬುದನ್ನು, ಕೇಂದ್ರ ಸರ್ಕಾರವು 2010ರಲ್ಲಿ ಕಾಫಿ ಬೆಳೆಗಾರರಿಗಾಗಿ ಪ್ರತ್ಯೇಕ ಸಾಲ ಪರಿಹಾರ ಯೋಜನೆಯನ್ನೇ ತರಬೇಕಾಯಿತೆಂಬುದರಿಂದ ಊಹಿಸಬಹುದು. 2024ರಲ್ಲಿ ಬ್ರೆಜಿಲ್ ಮತ್ತು ವಿಯೆಟ್ನಾಂ ದೇಶಗಳಲ್ಲಿ ಮಳೆ ಕೈಕೊಟ್ಟುದರಿಂದ ಅರೇಬಿಕಾದ ಬೆಲೆ 1977ರ ದಾಖಲೆಯನ್ನೂ ಮೀರಿತು. ಹಿಂದಿನ ಪಾಠವನ್ನು ನೆನೆಯಬೇಕಾದುದು ಇಂತಹ ಏರಿಕೆಯ ವರ್ಷದಲ್ಲಿಯೇ.

ಅರಸೀಕೆರೆಯ ಕೊಬ್ಬರಿಯ ಕಥೆ ಕೊಂಚ ಬೇರೆ. ಇಲ್ಲಿಯ ಉಂಡೆ ಕೊಬ್ಬರಿಗೆ ಉತ್ತರ ಭಾರತದ ಹಬ್ಬ-ಮದುವೆಗಳೇ ಮುಖ್ಯ ಪೇಟೆ. ಆದರೂ ತೆಂಗಿಗೆ ಎಣ್ಣೆಯ ದಾರಿಯೂ ಇರುವುದರಿಂದ, ಇಂಡೋನೇಷ್ಯಾ, ಮಲೇಷ್ಯಾಗಳ ತಾಳೆ ಎಣ್ಣೆಯ ಬೆಲೆ, ಅದರ ಮೇಲೆ ದಿಲ್ಲಿಯಲ್ಲಿ ವಿಧಿಸುವ ಆಮದು ಸುಂಕ, ಕೇಂದ್ರದ ಬೆಂಬಲ ಬೆಲೆ ಇವೆಲ್ಲವೂ ರೈತನಿಗೆ ಸಂಬಂಧಿಸಿದ ವಾರ್ತೆಗಳೇ. 2023ರಲ್ಲಿ ಪೇಟೆಯ ಧಾರಣೆ ಬೆಂಬಲ ಬೆಲೆಗಿಂತ ಕೆಳಗಿಳಿಯಿತು. 2025ರಲ್ಲಿ ಕ್ವಿಂಟಾಲಿಗೆ 12,100 ರೂಪಾಯಿ ಬೆಂಬಲ ಬೆಲೆಯಿದ್ದಾಗ, ಪೇಟೆಯ ಧಾರಣೆ ಅದರ ಇಮ್ಮಡಿಯನ್ನೂ ಮೀರಿತು.

ಎರಡನೆಯದು ಚಿನ್ನ. ನಮ್ಮ ಹೆಣ್ಣುಮಕ್ಕಳ ಒಡವೆ ಆಭರಣವೂ ಹೌದು, ಆಪದ್ಧನವೂ ಹೌದು. ಇಲ್ಲಿಯ ಚಿನ್ನದ ಬೆಲೆಗೆ ಮೂರು ಮೂಲಗಳು: ಜಗತ್ತಿನ ಪೇಟೆಯ ಡಾಲರ್ ಬೆಲೆ, ಡಾಲರಿನ ಎದುರು ರೂಪಾಯಿಯ ಮೌಲ್ಯ, ಸರ್ಕಾರದ ಆಮದು ಸುಂಕ. 1990ರ ಆಗಸ್ಟಿನಲ್ಲಿ ಇರಾಕ್ ದೇಶವು ಕುವೈತಿನ ಮೇಲೆ ಆಕ್ರಮಣ ಮಾಡಿದಾಗ ತೈಲದ ಬೆಲೆ ಏರಿ, ಭಾರತದ ವಿದೇಶಿ ವಿನಿಮಯ ಕರಗಿತು. 1991ರ ಜುಲೈನಲ್ಲಿ ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ಹೊರದೇಶದಲ್ಲಿ ಅಡವಿಡಬೇಕಾಯಿತು. ರೂಪಾಯಿಯ ಮೌಲ್ಯವನ್ನು ಎರಡು ಹಂತಗಳಲ್ಲಿ ಇಳಿಸಬೇಕಾಯಿತು. ರೂಪಾಯಿ ಇಳಿದರೆ, ಜಗತ್ತಿನ ಬೆಲೆ ಕದಲದಿದ್ದರೂ ಇಲ್ಲಿ ಚಿನ್ನ ತುಟ್ಟಿಯಾಗುತ್ತದೆ. ವ್ಯತಿರಿಕ್ತವಾಗಿ, 2024ರ ಜುಲೈನಲ್ಲಿ ಆಮದು ಸುಂಕ ಶೇಕಡಾ 15ರಿಂದ 6ಕ್ಕೆ ಇಳಿದಾಗ ಬೆಲೆ ಆ ಕೂಡಲೇ ತಗ್ಗಿತು.

ಮೂರನೆಯದು ಷೇರು. ಅಮೆರಿಕದಲ್ಲಿ ಬಡ್ಡಿ ಏರಿದರೆ ಅಥವಾ ಭಯ ಹುಟ್ಟಿದರೆ, ವಿದೇಶಿ ಹೂಡಿಕೆದಾರರು ಇಲ್ಲಿಯ ಷೇರುಗಳನ್ನು ಮಾರಿ ಹಣವನ್ನು ಹಿಂದಕ್ಕೆ ಒಯ್ಯುತ್ತಾರೆ. 2008ರ ಜನವರಿಯಲ್ಲಿ 21,000ವನ್ನು ಮುಟ್ಟಿದ್ದ ಮುಂಬಯಿಯ ಸೂಚ್ಯಂಕ, ಲೇಮನ್ ಬ್ರದರ್ಸ್ ಸಂಸ್ಥೆ ದಿವಾಳಿಯಾದ ಮರುತಿಂಗಳು 9,000ಕ್ಕಿಂತ ಕೆಳಗೆ ಬಿದ್ದಿತು. 2020ರ ಜನವರಿಯಲ್ಲಿ 42,000ವನ್ನು ಮುಟ್ಟಿದ್ದುದು ಮಹಾಮಾರಿಯ ವಾರ್ತೆಯಿಂದ ಮಾರ್ಚಿನಲ್ಲಿ 26,000ಕ್ಕೆ ಇಳಿದು, ವರ್ಷಾಂತ್ಯಕ್ಕೆ 47,000ವನ್ನು ದಾಟಿತು.

ಈ ಕೊನೆಯ ನಿದರ್ಶನವನ್ನು ಸೂಕ್ಷ್ಮವಾಗಿ ಪರಿಶೀಲಿಸಬೇಕು. ಮಾರ್ಚಿನಲ್ಲಿ ಭಯದಿಂದ ಮಾರಿದವನು ನಷ್ಟಪಟ್ಟನು. ಏಪ್ರಿಲಿನಲ್ಲಿ ಮಗಳ ಮದುವೆಯಿಟ್ಟುಕೊಂಡು ಆ ಹಣವನ್ನು ಷೇರಿನಲ್ಲಿ ಹೂಡಿದ್ದವನು ಭಯಪಡದಿದ್ದರೂ ಮಾರಲೇಬೇಕಾಯಿತು. ಮೊದಲನೆಯವನನ್ನು ಕೆಡಿಸಿದುದು ಸುದ್ದಿ. ಎರಡನೆಯವನನ್ನು ಕೆಡಿಸಿದುದು ಹಣಕ್ಕೂ ಕಾಲಕ್ಕೂ ಹೊಂದಿಕೆಯಿಲ್ಲದ ಏರ್ಪಾಡು. ಕಾಯಬಲ್ಲ ಹಣಕ್ಕೆ ದುರ್ವಾರ್ತೆಯ ಪೆಟ್ಟು ಕಡಮೆ. ಕಾಯಲಾರದ ಹಣಕ್ಕೆ ಸಣ್ಣ ಸುದ್ದಿಯೂ ಮೃತ್ಯುವೇ.

ಹಾಗಾದರೆ ಸುದ್ದಿ ಬಂದಾಗ ಮಾಡಬೇಕಾದುದೇನು? ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಇದು ಬೇರಿಗೆ ತಗಲುವುದೋ, ಎಲೆಗೆ ಮಾತ್ರವೋ? ಒಂದು ದೇಶದ ಹಿಮ ಎರಡು ಮೂರು ಫಸಲಿನ ಮಾತು. ಒಂದು ಒಪ್ಪಂದದ ಮುರಿವು ಒಂದು ಕಾಲಘಟ್ಟದ ಮಾತು. ಎರಡನೆಯದು, ಬೆಲೆಯಲ್ಲಿ ಈ ಸುದ್ದಿ ಈಗಾಗಲೇ ಸೇರಿದೆಯೇ? ಪತ್ರಿಕೆಯಲ್ಲಿ ನಾವು ಓದುವ ಹೊತ್ತಿಗೆ ದೊಡ್ಡ ವ್ಯಾಪಾರಿಗಳು ಅದನ್ನು ಓದಿ, ಕೊಂಡು, ಮಾರಿಯೂ ಆಗಿರುತ್ತದೆ. ಮೂರನೆಯದು, ನನಗೆ ಈ ಹಣ ಎಂದಿಗೆ ಬೇಕು?

ಎಲ್ಲಕ್ಕಿಂತ ಮಿಗಿಲಾದ ವಿಚಾರವೊಂದಿದೆ: ತನ್ನ ಆದಾಯ ಯಾವ ವಾರ್ತೆಗೆ ಸಿಕ್ಕಿದೆಯೋ, ಉಳಿತಾಯವನ್ನೂ ಅದೇ ವಾರ್ತೆಯ ಬಾಯಿಗೆ ಕೊಡಬಾರದು. ಕಾಫಿ ಬೆಳೆಗಾರನು ಒಳ್ಳೆಯ ವರ್ಷದ ಲಾಭವನ್ನೆಲ್ಲ ಮತ್ತಷ್ಟು ಕಾಫಿ ತೋಟಕ್ಕೇ ಸುರಿದರೆ, ಬ್ರೆಜಿಲ್ಲಿನ ಒಂದು ಸಮೃದ್ಧ ಫಸಲು ಅವನ ದುಡಿಮೆಯನ್ನೂ ಕೂಡಿಟ್ಟುದನ್ನೂ ಒಟ್ಟಿಗೆ ಕುಗ್ಗಿಸುತ್ತದೆ. ಅವನು ಮೊದಲು ಸಾಲ ತೀರಿಸಲಿ. ಎರಡು ಮೂರು ವರ್ಷಗಳೊಳಗೆ ಬೇಕಾಗುವ ವಿದ್ಯೆ, ವಿವಾಹ, ಔಷಧಗಳ ಹಣವನ್ನು ಬ್ಯಾಂಕು ಅಥವಾ ಅಂಚೆ ಕಛೇರಿಯಲ್ಲಿರಿಸಲಿ. ಬ್ಯಾಂಕೊಂದರಲ್ಲಿ ಒಬ್ಬನ ಠೇವಣಿಗೆ 5 ಲಕ್ಷ ರೂಪಾಯಿಯವರೆಗೆ ವಿಮೆಯ ರಕ್ಷಣೆ 2020ರಿಂದ ಇದೆ. ಮಿಕ್ಕುದನ್ನು ಕೊಂಚ ಚಿನ್ನ, ಕೊಂಚ ದೀರ್ಘಾವಧಿಯ ಷೇರು ನಿಧಿ ಎಂದು ಹಂಚಲಿ. ಸುದ್ದಿಯೊಂದನ್ನು ಮುಂದಿಟ್ಟುಕೊಂಡು ಶೀಘ್ರ ಲಾಭದ ಆಸೆ ಹುಟ್ಟಿಸುವವರ ಮಾತಿಗೆ ಕಿವಿಗೊಡದಿರಲಿ.

ನಮ್ಮ ನಾಡಿನ ಹಳೆಯ ದಾನಶಾಸನಗಳಲ್ಲಿ, ಗದ್ಯಾಣಗಳನ್ನು ಮೂಲಧನವಾಗಿ ಕೊಟ್ಟು, ಅದರ ಬಡ್ಡಿಯಿಂದ ನಂದಾದೀವಿಗೆ ನಡೆಯತಕ್ಕದ್ದೆಂದು ವಿಧಿಸಿದ ನಿದರ್ಶನಗಳುಂಟು. ಮೂಲವನ್ನು ಕಾಪಾಡಿ ಫಲವನ್ನು ಉಣ್ಣಬೇಕೆಂಬ ವಿವೇಕ ಅದರಲ್ಲಿದೆ. ಪತ್ರಿಕೆಯನ್ನು ನಿತ್ಯ ಓದುವುದು ವಿದ್ಯಾರ್ಥಿಗಳಿಗೂ ಗೃಹಸ್ಥರಿಗೂ ಕರ್ತವ್ಯವೇ ಸರಿ. ಆದರೆ ಓದಿದ ದಿನವೇ ಮಾರುವುದಾಗಲಿ ಕೊಳ್ಳುವುದಾಗಲಿ ಕರ್ತವ್ಯವಲ್ಲ.