ದೋಣಿಯ ಅಂಚಿಗೆ ಹಗ್ಗದ ಕಾವಲು

ದೋಣಿಗೆ ಅಪಾಯವಿರುವುದು ನಡುಹೊಳೆಯಲ್ಲಿ ಎಂಬುದು ದಡದಲ್ಲಿ ನಿಂತು ನೋಡುವವರ ಎಣಿಕೆ. ಆದರೆ ದೋಣಿ ದಿನನಿತ್ಯ ಪೆಟ್ಟು ತಿನ್ನುವುದು ದಡದಲ್ಲೇ. ಮೆಟ್ಟಿಲ ಕಲ್ಲಿಗೆ ಅದು ತಾಗುತ್ತದೆ, ಪಕ್ಕದ ದೋಣಿಗೆ ಉಜ್ಜುತ್ತದೆ. ಹತ್ತಿ ಇಳಿಯುವವರು ಅದರ ಅಂಚನ್ನೇ ಹಿಡಿದು ಭಾರ ಹಾಕುತ್ತಾರೆ. ಹೀಗಾಗಿ ದೋಣಿ ಕಟ್ಟುವವರಿಗೆ ಅಂಚಿನ ಚಿಂತೆ ತಪ್ಪಿದ್ದಲ್ಲ. ಮರದ ಸಣ್ಣ ದೋಣಿಯ ಸುತ್ತ ದಪ್ಪ ಹಗ್ಗ ಕೂರಿಸುವ ಪದ್ಧತಿ ಬಂದದ್ದು ಈ ಚಿಂತೆಯಿಂದ. ತುಂಗಭದ್ರೆಯ ಹರಿಗೋಲಿನಲ್ಲಿ ಇದೇ ಕೆಲಸವನ್ನು ಬಿದಿರು ಮಾಡುತ್ತದೆ.

ಹೊಳೆ ದಾಟುವ ಊರು

ದಾವಣಗೆರೆಗೆ ಕುಡಿಯುವ ನೀರು ಕೊಡುವ ತುಂಗಭದ್ರೆ ಹರಿಯುವುದು ನಗರದಿಂದ ಸುಮಾರು 14 ಕಿಲೋಮೀಟರ್ ದೂರದ ಹರಿಹರದ ಮಗ್ಗುಲಲ್ಲಿ. ಹೊಯ್ಸಳ ಅರಸು ಇಮ್ಮಡಿ ನರಸಿಂಹನ ದಂಡನಾಯಕ ಪೊಲಾಳ್ವ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದಿಂದ ಈ ಊರು ಹೆಸರಾಗಿದೆ. ಹೊಳೆ ದಾಟುವ ಜಾಗವಾಗಿಯೂ ಅದಕ್ಕೆ ಇತಿಹಾಸವಿದೆ. ಚನ್ನಗಿರಿಯಲ್ಲಿ ಹುಟ್ಟಿದ ಧೋಂಡಿಯ ವಾಘನ ಬೆನ್ನು ಹತ್ತಿದ್ದ ಆರ್ಥರ್ ವೆಲ್ಲೆಸ್ಲಿಯ ಸೇನೆ 1800ರ ಜೂನ್‌ನಲ್ಲಿ ಇಲ್ಲಿಯೇ ತುಂಗಭದ್ರೆ ದಾಟಿ ರಾಣೆಬೆನ್ನೂರಿನತ್ತ ಸಾಗಿತು. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ ಈ ಸೇನಾನಿ 1803ರ ಮರಾಠಾ ಯುದ್ಧದ ಕಾಲಕ್ಕೆ ಚರ್ಮ ಹೊದಿಸಿದ ಬುಟ್ಟಿದೋಣಿಗಳನ್ನು ಮಾಡಿಸಿದ. ಅಂದರೆ ನಮ್ಮ ಹರಿಗೋಲನ್ನೇ ನಂಬಿದ.

ಹರಿಗೋಲು ಅದಕ್ಕೂ ಬಹಳ ಹಿಂದಿನದು. ವಿಜಯನಗರಕ್ಕೆ 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಬುಟ್ಟಿಯಂತೆ ದುಂಡಗಿದ್ದ, ಹೊರಗೆ ಚರ್ಮ ಹೊದಿಸಿದ್ದ ದೋಣಿಗಳನ್ನು ಕಂಡು ಬರೆದಿದ್ದಾನೆ. ಹದಿನೈದು ಇಪ್ಪತ್ತು ಜನರನ್ನು ಹೊರುವ ಆ ದೋಣಿಗಳು ನೆಟ್ಟಗೆ ಹೋಗದೆ ಸುತ್ತುತ್ತಲೇ ಸಾಗುತ್ತಿದ್ದುದು ಅವನಿಗೆ ಸೋಜಿಗವಾಗಿತ್ತು. 12ನೇ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ಹೆಸರಿನೊಂದಿಗೆ ಬೆಸೆದುಕೊಂಡ ಚೌಡಯ್ಯದಾನಪುರ ಇರುವುದೂ ಇದೇ ಹೊಳೆಯ ದಂಡೆಯಲ್ಲಿ, ಹರಿಹರದಿಂದ ಕೆಳಗೆ.

ಬಿದಿರಿನ ಬಳೆ

ತೆಪ್ಪ ಎಂದೂ ಕರೆಸಿಕೊಳ್ಳುವ ಹರಿಗೋಲಿಗೆ ಮೊಳೆಯಿಲ್ಲ, ಹಲಗೆಯಿಲ್ಲ. ಬಿದಿರಿನ ದಬ್ಬೆಗಳನ್ನು ಒಂದರ ಮೇಲೊಂದು ಹಾಯುವಂತೆ ನೆಲದ ಮೇಲೆ ಹಾಸಿ ಮೊದಲು ತಳ ನೇಯುತ್ತಾರೆ. ನಡುವೆ ಕಲ್ಲು ಹೇರಿ, ಹೊರಗೆ ಚಾಚಿದ ತುದಿಗಳನ್ನು ಮೇಲಕ್ಕೆ ಬಗ್ಗಿಸಿ ಗೋಡೆ ಎಬ್ಬಿಸುತ್ತಾರೆ. ಕೊನೆಯ ಕೆಲಸ ಅಂಚಿನದು. ತೆಳ್ಳಗೆ ಸೀಳಿದ ಬಿದಿರನ್ನು ಆ ತುದಿಗಳ ಒಳಗೂ ಹೊರಗೂ ಹಾಯಿಸಿ, ಒತ್ತಾಗಿ ಹೆಣೆದು, ಸುತ್ತಲೂ ದಪ್ಪ ಬಳೆಯೊಂದನ್ನು ಕಟ್ಟುತ್ತಾರೆ. ಆಮೇಲೆ ಹೊರಮೈಗೆ ಹೊದಿಕೆ. ಹಿಂದೆ ಅದು ಚರ್ಮವಾಗಿತ್ತು. ಈಗ ಡಾಂಬರು ಬಳಿದ ಗೋಣಿ ಅಥವಾ ಪ್ಲಾಸ್ಟಿಕ್ ಹಾಳೆ.

ಈ ಬಳೆಗೆ ಎರಡು ಕೆಲಸ. ಬಗ್ಗಿಸಿದ ದಬ್ಬೆಗಳು ಮತ್ತೆ ನೆಟ್ಟಗಾಗಲು ಎಳೆಯುತ್ತಲೇ ಇರುತ್ತವೆ. ಅವು ಬಿಚ್ಚಿಕೊಳ್ಳದಂತೆ ಹಿಡಿದಿಡುವುದು ಮೊದಲನೆಯದು. ಬಂಡೆಗೆ, ಮೆಟ್ಟಿಲಿಗೆ ತಾಗಿದಾಗ ಪೆಟ್ಟು ತಾನು ತಿಂದು ಹೊದಿಕೆಯನ್ನು ಕಾಯುವುದು ಎರಡನೆಯದು. ಬಳೆ ಸಡಿಲವಾದರೆ ಬುಟ್ಟಿಯ ಆಕಾರವೇ ಕೆಡುತ್ತದೆ. ಆದ್ದರಿಂದ ಹರಿಗೋಲು ಎಷ್ಟು ಗಟ್ಟಿ ಎಂಬುದನ್ನು ಅದರ ಅಂಚು ನೋಡಿ ಹೇಳಬಹುದು.

ಮರಕ್ಕೆ ಹಗ್ಗ

ಮರದ ದೋಣಿಯಲ್ಲಿ ಈ ಎರಡು ಕೆಲಸಗಳೂ ಬೇರೆ ಬೇರೆ. ಆಕಾರ ಹಿಡಿದಿಡುವುದು ಹಲಗೆಗಳ ಮೇಲ್ತುದಿಗೆ ಜೋಡಿಸಿದ ಉದ್ದನೆಯ ಮರದ ಪಟ್ಟಿ. ಅದರ ಹೊರಗೆ ಕೂರಿಸುವ ಹಗ್ಗದ್ದು ಪೆಟ್ಟು ತಿನ್ನುವ ಕೆಲಸ ಮಾತ್ರ.

ಹತ್ತು ಹನ್ನೆರಡು ಅಡಿಯ ದೋಣಿಗೆ ಒಂದರಿಂದ ಒಂದೂವರೆ ಇಂಚು ದಪ್ಪದ, ಮೂರು ಎಳೆ ಹೊಸೆದ ಹಗ್ಗ ಸಾಕು. ಮೊದಲು ಅದನ್ನು ಎರಡು ಗೂಟಗಳ ನಡುವೆ ಬಿಗಿದು ಕಟ್ಟಿ ಎಳೆತ ಬಿಡಿಸಬೇಕು. ಇಲ್ಲದಿದ್ದರೆ ಕೂರಿಸಿದ ಕೆಲವೇ ದಿನಗಳಲ್ಲಿ ಜೋತು ಬೀಳುತ್ತದೆ. ಹಗ್ಗ ಕೂರುವ ಕಡೆ ಮರಕ್ಕೆ ಮೊದಲೇ ಎಣ್ಣೆ ಅಥವಾ ಬಣ್ಣ ಹಚ್ಚಿಡಬೇಕು, ಏಕೆಂದರೆ ಆಮೇಲೆ ಅಲ್ಲಿಗೆ ಕೈ ಹೋಗದು. ನಂತರ ಅಂಚಿನ ಕೆಳಗೆ ತೋಡಿದ ಕಾಲುವೆಯಲ್ಲಿ, ಇಲ್ಲವೇ ಎರಡು ಪಟ್ಟಿಗಳ ನಡುವೆ ಹಗ್ಗವನ್ನು ಕೂರಿಸುತ್ತಾರೆ. ಹುರಿ ಸ್ವಲ್ಪ ಬಿಡಿಸಿ, ಎಳೆಗಳ ಸಂದಿನಲ್ಲಿ ಸ್ಕ್ರೂ ತಿರುಗಿಸಿದರೆ ಹುರಿ ಮತ್ತೆ ಮುಚ್ಚಿಕೊಂಡು ಸ್ಕ್ರೂ ಒಳಗೆ ಅಡಗುತ್ತದೆ. ತಲೆ ಹೊರಗೆ ಉಳಿದರೆ ಪಕ್ಕದ ದೋಣಿಯನ್ನು ಅದೇ ಗೀರುತ್ತದೆ. ಕಬ್ಬಿಣ ತುಕ್ಕು ಹಿಡಿಯುವುದರಿಂದ ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲ್ ವಾಸಿ. ಸ್ಕ್ರೂ ಬೇಡವೆನ್ನುವವರು ಅಂಚಿನಲ್ಲಿ ತೂತು ಕೊರೆದು ಸಣ್ಣ ದಾರದಿಂದ ಬಿಗಿಯುತ್ತಾರೆ. ತುದಿಗಳು ಬಿಚ್ಚಿಕೊಳ್ಳದಂತೆ ದಾರ ಸುತ್ತಿ ಮುಗಿಸುತ್ತಾರೆ.

ನಾರಿನ ಹಗ್ಗ ನೆನೆದರೆ ಉಬ್ಬಿ ಗಿಡ್ಡವಾಗುತ್ತದೆ, ಒಣಗಿದಾಗ ಸಡಿಲುತ್ತದೆ. ನೆನೆದ ಹಗ್ಗ ಮರಕ್ಕೆ ಅಂಟಿಕೊಂಡೇ ಇದ್ದರೆ ಮರ ಕೊಳೆಯುತ್ತದೆ. ಹಾಗಾಗಿ ನೀರು ಬಸಿದು ಹೋಗಲು ಅಲ್ಲಲ್ಲಿ ದಾರಿ ಬಿಡಲೇಬೇಕು. ಕೃತಕ ನೂಲಿನ ಹಗ್ಗ ಕೊಳೆಯದು, ಆದರೆ ಅಗ್ಗದ ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಬೇಗ ಪುಡಿಯಾಗುತ್ತದೆ.

ಬಗ್ಗುವುದರ ಬಲ

ಪೆಟ್ಟು ತಡೆಯಲು ಕಬ್ಬಿಣದ ಪಟ್ಟಿಯೇ ಏಕಾಗಬಾರದು ಎಂದು ಕೇಳಬಹುದು. ಕಬ್ಬಿಣ ಪೆಟ್ಟನ್ನು ಹಾಗೆಯೇ ಹಲಗೆಗೆ ದಾಟಿಸುತ್ತದೆ. ಹಗ್ಗ ತಾನು ಅದುಮಿಕೊಂಡು ಅದರ ಜೋರನ್ನು ತಗ್ಗಿಸುತ್ತದೆ. 14ನೇ ಶತಮಾನದಲ್ಲಿ ನಮ್ಮ ಹೊನ್ನಾವರಕ್ಕೂ ಬಂದಿದ್ದ ಇಬ್ನ್ ಬತೂತ ತೆಂಗಿನ ನಾರಿನ ಹುರಿಯಿಂದ ಹೊಲಿದ ಹಡಗುಗಳ ಬಗ್ಗೆ ಹೇಳುವಾಗ ಇದೇ ಕಾರಣ ಕೊಡುತ್ತಾನೆ. ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ಹುರಿಯಿಂದ ಹೊಲಿದದ್ದು ಬಗ್ಗಿ ಉಳಿಯುತ್ತದೆ ಎಂಬುದು ಅವನ ವಿವರಣೆ.

ಹಗ್ಗವಾಗಲಿ ಬಿದಿರಾಗಲಿ, ಸವೆಯುತ್ತದೆ. ಆದರೆ ಮರದ ದೋಣಿಯಲ್ಲಿ ಸವೆದ ಹಗ್ಗ ಬಿಚ್ಚಿ ಹೊಸದು ಹಾಕಿದರೆ ಮುಗಿಯಿತು, ಹಲಗೆಗೆ ಏನೂ ಆಗಿರುವುದಿಲ್ಲ. ಹರಿಗೋಲಿಗೆ ಆ ಅನುಕೂಲವಿಲ್ಲ. ಅದರ ಬಳೆ ಮತ್ತೆ ಹೆಣೆಯಲು ಬಿದಿರಿನ ಮರ್ಮ ಬಲ್ಲವರೇ ಬೇಕು.

ಸೇತುವೆಗಳು ಬಂದ ಮೇಲೆ ಹೊಳೆ ದಾಟಿಸುವ ಕೆಲಸ ಅಂಬಿಗರ ಕೈಯಿಂದ ಬಹುಮಟ್ಟಿಗೆ ಜಾರಿತು. ಆದರೂ ತುಂಗಭದ್ರೆಯ ದಂಡೆಯಲ್ಲಿ ಮೀನು ಹಿಡಿಯುವವರಿಗೆ ಹರಿಗೋಲು ಇಂದಿಗೂ ಅನ್ನದ ದಾರಿ. ಹಂಪಿಯಲ್ಲಿ ಅದು ಪ್ರವಾಸಿಗರನ್ನು ಹೊರುತ್ತದೆ. ಡಾಂಬರು ಬಳಿಯಲು ಯಾರಾದರೂ ಸಿಕ್ಕಾರು, ಅಂಚು ಹೆಣೆಯಬಲ್ಲ ಕೈಗಳು ಹಾಗಲ್ಲ. ಆ ಕೈಗಳು ಕಡಿಮೆಯಾದಂತೆ ಸಡಿಲ ಅಂಚಿನ ಹರಿಗೋಲುಗಳೇ ನೀರಿಗಿಳಿಯುತ್ತವೆ. ಅದರ ಬೆಲೆ ತೆರುವವರು ಅದರಲ್ಲಿ ಕುಳಿತವರು. ಹರಿಗೋಲು ಹತ್ತುವ ಮುನ್ನ ಒಮ್ಮೆ ಅಂಚನ್ನು ಕೈಯಿಂದ ಒತ್ತಿ ನೋಡುವುದು ಒಳ್ಳೆಯದು.