ನಿಮಗಿದು ಗೊತ್ತೆ? ಓಡುವ ವಾಹನದ ಜಾಡು ಹಿಡಿಯುವ ಸೆನ್ಸರ್‌ಗಳು

● ಮೆಲ್ಕಾರ್‌ನಿಂದ ಮಂಗಳೂರಿಗೆ ಹೊರಟ ಕಾರು ಪಾಣೆಮಂಗಳೂರು ಸೇತುವೆ, ಬಿ.ಸಿ.ರೋಡ್ ದಾಟಿದರೆ ಸಿಗುವುದು ಬ್ರಹ್ಮರಕೂಟ್ಲು ಟೋಲ್. ಅಲ್ಲಿ ಗಾಜಿನ ಮೇಲಿನ ಫಾಸ್ಟ್ಯಾಗ್ ಕಾರಿನ ಗುರುತು ಹೇಳುತ್ತದೆ. ಅದರಲ್ಲಿ ಬ್ಯಾಟರಿ ಇಲ್ಲ; ಟೋಲ್‌ನ ಆಂಟೆನಾ ಕಳಿಸುವ ರೇಡಿಯೊ ಅಲೆಯಿಂದಲೇ ಚಿಪ್ ಜೀವ ಪಡೆಯುತ್ತದೆ. ದೇಶದಲ್ಲಿ ಫಾಸ್ಟ್ಯಾಗ್ ಕಡ್ಡಾಯವಾದದ್ದು 2021ರ ಫೆಬ್ರವರಿಯಲ್ಲಿ.

● ಟ್ಯಾಗ್ ಇಲ್ಲದ ವಾಹನವನ್ನೂ ಪತ್ತೆಹಚ್ಚಬಹುದು. ವಾಹನದ ಕಬ್ಬಿಣ ಸುತ್ತಲಿನ ಭೂಕಾಂತತ್ವವನ್ನು ಕೊಂಚ ಕದಡುತ್ತದೆ. ರಸ್ತೆಬದಿಯ ಪುಟ್ಟ ಕಾಂತ ಸೆನ್ಸರ್‌ಗೆ ಅಷ್ಟು ಸಾಕು.

● 2001ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಟ್ವೆಂಟಿನೈನ್ ಪಾಮ್ಸ್‌ನಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಇಂಥ ಸೆನ್ಸರ್‌ಗಳನ್ನು ಪೈಲಟ್ ಇಲ್ಲದ ವಿಮಾನದಿಂದ ರಸ್ತೆಬದಿಗೆ ಉದುರಿಸಿದರು. ಅವು ತಾವೇ ಜಾಲ ಕಟ್ಟಿಕೊಂಡು, ಹಾದುಹೋದ ವಾಹನಗಳ ವೇಗ, ದಿಕ್ಕನ್ನು ಲೆಕ್ಕ ಹಾಕಿದವು.

● ಲೆಕ್ಕ ಸುಲಭ: 10 ಮೀಟರ್ ಅಂತರದ ಎರಡು ಸೆನ್ಸರ್‌ಗಳನ್ನು ಲಾರಿ 0.6 ಸೆಕೆಂಡಿನಲ್ಲಿ ದಾಟಿದರೆ ಅದರ ವೇಗ ಗಂಟೆಗೆ 60 ಕಿ.ಮೀ. ಮೊದಲು ಎಚ್ಚರಗೊಂಡ ಸೆನ್ಸರ್ ಯಾವುದೆಂದು ತಿಳಿದರೆ ದಿಕ್ಕೂ ಗೊತ್ತಾಯಿತು. ಆದರೆ ಎಲ್ಲ ಸೆನ್ಸರ್‌ಗಳ ಗಡಿಯಾರ ಒಂದೇ ಸಮಯ ತೋರಿಸಬೇಕು. ಇಲ್ಲದಿದ್ದರೆ ಲೆಕ್ಕವೆಲ್ಲ ತಲೆಕೆಳಗು.

● ಇಂಥ ಸೆನ್ಸರ್‌ಗಳಲ್ಲಿ ಬ್ಯಾಟರಿಯನ್ನು ಹೆಚ್ಚು ತಿನ್ನುವುದು ಸುದ್ದಿ ಕಳಿಸುವ ರೇಡಿಯೊ. ಹಾಗಾಗಿ ಸೆನ್ಸರ್‌ಗಳು ಬಹುಪಾಲು ಸಮಯ ನಿದ್ರಿಸುತ್ತವೆ. ವಾಹನ ಸುಳಿದಾಗ ಎದ್ದು, ಮುಂದಿನ ಸೆನ್ಸರ್‌ಗೆ ಸುದ್ದಿ ದಾಟಿಸುತ್ತವೆ.

● ಸೆನ್ಸರ್ ಜಾಲ ಪ್ರಾಣಿಗಳ ಜಾಡನ್ನೂ ಹಿಡಿಯಬಲ್ಲದು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ 'ಜೀಬ್ರಾನೆಟ್' ಯೋಜನೆ ಕೀನ್ಯಾದ ಜೀಬ್ರಾಗಳ ಕೊರಳಿಗೇ ಸೆನ್ಸರ್ ಕಟ್ಟಿತು. ಎರಡು ಜೀಬ್ರಾ ಹತ್ತಿರ ಬಂದಾಗ ಕೊರಳಪಟ್ಟಿಗಳು ಮಾಹಿತಿ ಹಂಚಿಕೊಳ್ಳುತ್ತಿದ್ದವು. ಹೀಗಾಗಿ ಒಂದು ಜೀಬ್ರಾ ಸಿಕ್ಕರೂ ಹಲವು ಜೀಬ್ರಾಗಳ ಓಡಾಟದ ವಿವರ ಸಿಗುತ್ತಿತ್ತು.